ಲಿಫ್ಟ್ ಮಾಡಿಸಿದ ಹಳೆಯ ಆಫ್‌ರೋಡ್ ಗಾಡಿ: ದೂರದ ಪ್ರಯಾಣಕ್ಕೆ ತೆಗೆದುಕೊಳ್ಳಬಹುದಾ?

ಉದ್ದದಾರಿ

ಎಲ್ಲರಿಗೂ ನಮಸ್ಕಾರ. ತಿಂಗಳುಗಟ್ಟಲೆ ಸುತ್ತಾಡುವ ಪ್ರಯಾಣಕ್ಕೆ ಒಂದು ಗಾಡಿ ಹುಡುಕುತ್ತಿದ್ದೇನೆ. ಇಬ್ಬರು ಹೋಗುವವರು. ಗಾಡಿಯಲ್ಲೇ ಮಲಗುವ ವ್ಯವಸ್ಥೆ ಬೇಕು. ದಾರಿಯಲ್ಲಿ ಮುಕ್ಕಾಲು ಪಾಲು ಡಾಂಬರು, ಉಳಿದದ್ದು ಮಣ್ಣು, ಜಲ್ಲಿ, ಸ್ವಲ್ಪ ಮರಳು.

ಈಗ ಕಣ್ಣಿಗೆ ಬಿದ್ದಿರುವುದು ಟೊಯೋಟಾ ಲ್ಯಾಂಡ್ ಕ್ರೂಸರ್ 80 ಸರಣಿಯ ಗಾಡಿ. 1HZ ಡೀಸೆಲ್ ಇಂಜಿನ್, ಮ್ಯಾನ್ಯುವಲ್ ಗೇರ್, ಸದಾ ನಾಲ್ಕೂ ಚಕ್ರ ತಿರುಗಿಸುವ ವ್ಯವಸ್ಥೆ. ಹಿಂದಿನ ಮಾಲೀಕರು ಸ್ಪ್ರಿಂಗ್, ಶಾಕ್ಸ್ ಬದಲಿಸಿ 3 ಇಂಚು ಎತ್ತರಿಸಿದ್ದಾರೆ. ಟೈರ್ 285/75R16. ನೋಡಲು ತುಂಬಾ ಚೆನ್ನಾಗಿದೆ. ಆದರೆ ಬೇರೆಯವರು ಮಾಡಿಸಿದ ಸಸ್ಪೆನ್ಷನ್ ನಂಬಿ ಅಷ್ಟು ದೂರ ಹೋಗಬಹುದಾ ಎನ್ನುವುದೇ ನನ್ನ ಪ್ರಶ್ನೆ. ಏನೇನು ನೋಡಬೇಕು, ಏನು ಕೇಳಬೇಕು ಹೇಳಿ.

ಮಣ್ಣಿನಚಕ್ರ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ಹುಡುಕಿ. ಸಸ್ಪೆನ್ಷನ್ ನಿಮಗೆ ಬೇಕಾದ ಹಾಗೆ ನೀವೇ ಮಾಡಿಸಿ. ಬೇರೆಯವರು ಎತ್ತರಿಸಿದ ಗಾಡಿ ಯಾವ ಕೆಲಸಕ್ಕೆ ಎತ್ತರಿಸಿದ್ದು ಅಂತ ಗೊತ್ತಾಗುವುದಿಲ್ಲ. ಬಂಡೆ ಹತ್ತುವ ಆಟಕ್ಕೆ ಮಾಡಿದ್ದು ಬೇರೆ, ಸಾಮಾನು ಹೊತ್ತು ಊರೂರು ದಾಟಲು ಮಾಡಿದ್ದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಸ್ಪ್ಯಾನರ್‌ಕೈ

ಮೇಲಿನವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. 80 ಸರಣಿ ಹೆಚ್ಚಿನ ದೇಶಗಳಿಗೆ ತಯಾರಾದದ್ದು 1990ರಿಂದ 1997ರವರೆಗೆ. ಈಗ ಯಾವ ಗಾಡಿಯೂ "ಕಂಪನಿಯಿಂದ ಬಂದ ಹಾಗೆ" ಇರುವುದಿಲ್ಲ. ಮೂಲ ಸ್ಪ್ರಿಂಗ್ ಇದ್ದರೂ ಅದು ಕುಸಿದಿರುತ್ತದೆ, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟಿರುತ್ತದೆ. ಹಾಗಾಗಿ ಬದಲಾಗಿದೆಯಾ ಅಂತ ಕೇಳುವುದಕ್ಕಿಂತ, ಹೇಗೆ ಬದಲಾಗಿದೆ ಅಂತ ಕೇಳುವುದು ಮೇಲು.

ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಎತ್ತರದ್ದಲ್ಲ. ಎಷ್ಟು ತೂಕಕ್ಕೆ ಈ ಸ್ಪ್ರಿಂಗ್ ಆರಿಸಿದ್ದು? ಇದನ್ನು ಮಾರುವವರಿಗೆ ಕೇಳಿ. ಉತ್ತರ ಸರಾಗವಾಗಿ ಬಂದರೆ ಅವರು ಗಾಡಿಯನ್ನು ತಿಳಿದು ಮಾಡಿಸಿದವರು. "3 ಇಂಚು ಲಿಫ್ಟ್, ಒಳ್ಳೇ ಕಂಪನಿದು" ಅಂತ ಅಷ್ಟೇ ಹೇಳಿದರೆ ನೀವೇ ಕೆಳಗೆ ತೂರಿ ನೋಡಬೇಕು.

ಒಳ್ಳೆಯ ತಯಾರಕರ ಸ್ಪ್ರಿಂಗ್ ಮೇಲೆ ನಂಬರ್ ಇರುತ್ತದೆ, ಬಣ್ಣದಲ್ಲೋ ಅಚ್ಚಿನಲ್ಲೋ. ಓಲ್ಡ್ ಮ್ಯಾನ್ ಈಮುವಿನಂಥವರು ಒಂದೇ ಗಾಡಿಗೆ ಬೇರೆ ಬೇರೆ ತೂಕಕ್ಕೆ ಬೇರೆ ಬೇರೆ ಸ್ಪ್ರಿಂಗ್ ಕೊಡುತ್ತಾರೆ. ಮುಂದೆ ಕಬ್ಬಿಣದ ಬಂಪರ್, ವಿಂಚ್ ಇದ್ದರೆ ಒಂದು. ಇಲ್ಲದಿದ್ದರೆ ಇನ್ನೊಂದು. ಹಿಂದೆ ಸದಾ 400 ಕಿಲೋ ಇದ್ದರೆ ಮತ್ತೊಂದು. ನಂಬರ್ ಸಿಕ್ಕಿದರೆ ತಯಾರಕರ ಪಟ್ಟಿಯಲ್ಲಿ ಹುಡುಕಿ, ಅರ್ಧ ಕಥೆ ಗೊತ್ತಾಗುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿದ ಗಾಡಿ ಖಾಲಿ ಓಡಿದರೆ ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿಯುವುದಿಲ್ಲ. ಹಳ್ಳ ಬಂದಾಗ ಚಕ್ರ ನೆಲ ಬಿಡುತ್ತದೆ. ಮೆತ್ತನೆ ಸ್ಪ್ರಿಂಗ್ ಹಾಕಿದ ಗಾಡಿಗೆ ಸಾಮಾನು ತುಂಬಿದರೆ ಹಿಂಭಾಗ ಕುಸಿದು, ಸಣ್ಣ ಗುಂಡಿಗೂ ಆಕ್ಸಲ್ ಬಂಪ್ ಸ್ಟಾಪ್‌ಗೆ (ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡಿಗೆ) ಹೊಡೆಯುತ್ತದೆ. ಎರಡೂ ಒಂದು ದಿನದ ಸುತ್ತಾಟಕ್ಕೆ ನಡೆದೀತು. ತಿಂಗಳುಗಟ್ಟಲೆ ಓಡಿದರೆ ಚಾಸಿ ಮೇಲಿನ ಬ್ರಾಕೆಟ್‌ಗಳೇ ಬಿರುಕು ಬಿಡುತ್ತವೆ.

ಲೆಕ್ಕದಪುಸ್ತಕ

ತೂಕದ ಲೆಕ್ಕ ಮೊದಲು ಮಾಡಿಕೊಳ್ಳಿ, ಆಮೇಲೆ ಗಾಡಿ ನೋಡಿ. ಜನ ಇದನ್ನು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ.

ಡೀಸೆಲ್ ಲೀಟರ್‌ಗೆ ಸುಮಾರು 0.84 ಕಿಲೋ. 95 ಲೀಟರ್ ಟ್ಯಾಂಕ್ ತುಂಬಿದರೆ 80 ಕಿಲೋ. ಹೆಚ್ಚುವರಿ ಟ್ಯಾಂಕ್ ಇದ್ದರೆ ಅದು ಬೇರೆ. ನೀರು 60 ಲೀಟರ್ ಅಂದರೆ 60 ಕಿಲೋ. ಇಬ್ಬರು ದೊಡ್ಡವರು 150 ಕಿಲೋ. ಇದಕ್ಕೆ ಚಾವಣಿ ಕ್ಯಾರಿಯರ್, ಅದರ ಮೇಲೆ ಟೆಂಟ್, ಎರಡನೇ ಬ್ಯಾಟರಿ, ಫ್ರಿಜ್, ಎರಡನೇ ಸ್ಟೆಪ್ನಿ, ಕಬ್ಬಿಣದ ಬಂಪರ್, ವಿಂಚ್, ಟೂಲ್ಸ್, ಹಿಂದಿನ ಡ್ರಾಯರ್ ಸೇರಿಸಿ. 500 ಕಿಲೋ ದಾಟುವುದು ತೀರಾ ಸುಲಭ.

ಇನ್ನೊಂದು ಮಾತು. ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಗಾಡಿ ಹೊರಬಹುದಾದ ಒಟ್ಟು ತೂಕ ಜಾಸ್ತಿ ಆಗುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಎಲ್ಲ ಹಳೆಯವೇ ಅಲ್ವಾ? ಗಾಡಿಯ ತಗಡಿನ ಫಲಕದಲ್ಲಿ ಬರೆದ ಒಟ್ಟು ತೂಕವೇ ಮಿತಿ. ಮಾರುವವರು ಒಪ್ಪಿದರೆ ಗಾಡಿಯನ್ನು ವೇಬ್ರಿಡ್ಜ್‌ಗೆ ಕೊಂಡೊಯ್ದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಫಲಕದ ಅಂಕಿಯಿಂದ ಆ ಚೀಟಿಯ ಒಟ್ಟು ತೂಕ ಕಳೆದರೆ ನಿಮಗೆ ಉಳಿದಿರುವ ತೂಕ ಎಷ್ಟು ಅಂತ ತಿಳಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಹಿಂದಿನವರು ಹಾಕಿಸಿದ ಕಬ್ಬಿಣವೇ ಅದರ ಮುಕ್ಕಾಲು ಪಾಲು ತಿಂದಿರುತ್ತದೆ.

ಉದ್ದದಾರಿ

ತುಂಬಾ ಉಪಕಾರ. ಮಾರುವವರಿಗೆ ಫೋನ್ ಮಾಡಿದೆ. ಅವರು ಈ ಗಾಡಿ ಕೊಂಡಾಗಲೇ ಲಿಫ್ಟ್ ಆಗಿತ್ತಂತೆ. ಸ್ಪ್ರಿಂಗ್ ಯಾವುದು ಗೊತ್ತಿಲ್ಲ. "ಹೈವೇನಲ್ಲಿ ಸ್ವಲ್ಪ ತೇಲಿದ ಹಾಗೆ ಓಡುತ್ತದೆ, ಎತ್ತರದ ಗಾಡಿಯಲ್ಲವಾ, ಹಾಗೇ ಇರುವುದು" ಅಂದರು. ಇದು ನಿಜವಾಗಿಯೂ ಹಾಗೇ ಇರುವುದಾ?

ಸ್ಪ್ಯಾನರ್‌ಕೈ

ಇಲ್ಲ. ಹಾಗೇ ಇರಬೇಕಾಗಿಲ್ಲ. ಈ ಮಾತಿಗೆ ಯಾರೂ ಸಮಾಧಾನ ಮಾಡಿಕೊಳ್ಳಬಾರದು.

80 ಸರಣಿಯಲ್ಲಿ ಮುಂದೆಯೂ ಹಿಂದೆಯೂ ಒಂದೇ ತುಂಡಿನ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಮುಂದಿನ ಆಕ್ಸಲ್ ಅನ್ನು ಎರಡು ಉದ್ದದ ತೋಳುಗಳು ಹಿಡಿದಿರುತ್ತವೆ. ಗಾಡಿ ಮೇಲೆದ್ದಾಗ ಆ ತೋಳುಗಳು ಓರೆಯಾಗುತ್ತವೆ, ಅವುಗಳ ಜೊತೆ ಆಕ್ಸಲ್ಲೂ ತಿರುಗುತ್ತದೆ. ಆಗ ಕ್ಯಾಸ್ಟರ್ ಕೋನ, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ತಿರುವಿನಿಂದ ಹೊರಬಂದಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದಲ್ಲ, ಅದು ಈ ಕೋನದಿಂದ. ಮೂಲದಲ್ಲಿ ಇರುವುದೇ ಸುಮಾರು 3 ಡಿಗ್ರಿ. 3 ಇಂಚು ಎತ್ತರಿಸಿ ಏನೂ ಸರಿಪಡಿಸದೆ ಬಿಟ್ಟರೆ ಹೆಚ್ಚುಕಡಿಮೆ ಅಷ್ಟೂ ಹೋಗಿಬಿಡುತ್ತದೆ.

ಅದರ ಪರಿಣಾಮವೇ ನಿಮ್ಮ ಮಾರುವವರು ಹೇಳಿದ ತೇಲಾಟ. ಗಾಡಿ ನೇರ ಹೋಗುವುದಿಲ್ಲ, ಚಾಲಕ ಪ್ರತಿ ಕ್ಷಣ ಸ್ವಲ್ಪ ಸ್ವಲ್ಪ ತಿದ್ದುತ್ತಲೇ ಇರಬೇಕು. ಅರ್ಧ ಗಂಟೆ ಓಡಿಸಿ ನೋಡಿದಾಗ ಇದು ದೊಡ್ಡದಾಗಿ ಕಾಣುವುದಿಲ್ಲ. ಇಡೀ ದಿನ ಓಡಿಸಿದವರ ಭುಜ, ಕುತ್ತಿಗೆ ಹೇಳುತ್ತವೆ. ಪಕ್ಕದಲ್ಲಿ ಲಾರಿ ಹಾದುಹೋದಾಗ ಬರುವ ಗಾಳಿಗೂ ಗಾಡಿ ಸರಿಯುತ್ತದೆ. ದೂರದ ಪ್ರಯಾಣದ ಗಾಡಿಗೆ ಇದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಸರಿಪಡಿಸಲು ದಾರಿ ಇದೆ. ತೋಳಿನ ಬುಷ್‌ನ ರಂಧ್ರ ನಡುವಿಂದ ಆಚೆ ಇರುವ ಕ್ಯಾಸ್ಟರ್ ಬುಷ್ ಸಿಗುತ್ತದೆ, ಸುಮಾರು 2 ಇಂಚಿನ ಲಿಫ್ಟ್‌ವರೆಗೆ ಅದು ಸಾಕು. 3 ಇಂಚಿಗೆ ಬ್ರಾಕೆಟ್ ಅಥವಾ ಬೇರೆ ಆಕಾರದ ತೋಳು ಬೇಕಾಗಬಹುದು. ಆದರೆ ಇಲ್ಲಿ ಒಂದು ಎಳೆದಾಟ ಇದೆ. ಕ್ಯಾಸ್ಟರ್ ವಾಪಸ್ ತರಲು ಆಕ್ಸಲ್ ತಿರುಗಿಸಿದರೆ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಬಾಗುತ್ತದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಯುಜೆ ಕ್ರಾಸ್ (ಶಾಫ್ಟ್ ತುದಿಯ ಕೀಲು) ಮೇಲೆ ಕೋನ ಹೆಚ್ಚುತ್ತದೆ. ನಿಮ್ಮದು ಸದಾ ನಾಲ್ಕು ಚಕ್ರದ ಗಾಡಿ. ಮುಂದಿನ ಶಾಫ್ಟ್ ಎಂದೂ ನಿಲ್ಲುವುದಿಲ್ಲ. ಹಾಗಾಗಿ ಅದರುವಿಕೆ ಬಂದರೆ ಅದೂ ನಿಲ್ಲುವುದಿಲ್ಲ. ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಹಾಕುವ, ಮುಂದಿನ ಹಬ್ ಬಿಡಿಸಬಹುದಾದ ಗಾಡಿಗಳಿಗೆ ಈ ತೊಂದರೆ ಡಾಂಬರಿನ ಮೇಲೆ ಇರುವುದಿಲ್ಲ. ನಿಮ್ಮ ಗಾಡಿಯಲ್ಲಿ ಎರಡನ್ನೂ ಸರಿ ಮಾಡಬೇಕಾದರೆ ಡಬಲ್ ಕಾರ್ಡನ್ ಕೀಲಿನ (ಎರಡು ಕ್ರಾಸ್ ಜೋಡಿಸಿದ) ಶಾಫ್ಟ್ ಹಾಕಿಸಬೇಕು. ಅಥವಾ 2 ಇಂಚಿಗೆ ಇಳಿಸಬೇಕು. ನಾನಾದರೆ ಇಳಿಸುತ್ತೇನೆ.

ಮಣ್ಣಿನಚಕ್ರ

ಇದಕ್ಕೇ ನಾನು ಹೇಳಿದ್ದು. ಜಲ್ಲಿ ದಾರಿಗೆ 3 ಇಂಚು ಯಾಕೆ ಬೇಕು? ಅಷ್ಟಕ್ಕೂ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ. ಡಿಫರೆನ್ಷಿಯಲ್‌ನ ಗುಂಡು ಇದ್ದ ಕಡೆಯೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ.

ಲೆಕ್ಕದಪುಸ್ತಕ

ಟೈರ್ ಲೆಕ್ಕವನ್ನೂ ಹಾಕಿಬಿಡುತ್ತೇನೆ. ಈ ಗಾಡಿಗೆ ಮೂಲದಲ್ಲಿ ಬರುತ್ತಿದ್ದ ಅಗಲದ ಟೈರ್ 275/70R16. ಅದರ ವ್ಯಾಸ ಸುಮಾರು 791 ಮಿಲಿಮೀಟರ್. ಈಗಿರುವ 285/75R16ರ ವ್ಯಾಸ ಸುಮಾರು 834. ವ್ಯತ್ಯಾಸ 43, ಅದರ ಅರ್ಧ, ಅಂದರೆ ಸುಮಾರು 21 ಮಿಲಿಮೀಟರ್ ಮಾತ್ರ ಆಕ್ಸಲ್ ಕೆಳಗಿನ ಎತ್ತರಕ್ಕೆ ಸೇರುತ್ತದೆ.

ಸುತ್ತಳತೆ 5.4 ಶೇಕಡಾ ಜಾಸ್ತಿ. ಮೀಟರ್ ಸರಿಪಡಿಸಿರದಿದ್ದರೆ ಇದು ಎರಡು ಕಡೆ ಮುಖ್ಯ. ಮೊದಲನೆಯದು, ಈ ಟೈರ್ ಮೇಲೆ 1,00,000 ಕಿಲೋಮೀಟರ್ ತೋರಿಸಿದ್ದರೆ ನಿಜಕ್ಕೆ ಓಡಿದ್ದು 1,05,400ರ ಹತ್ತಿರ. ಎರಡನೆಯದು, ಇಂಧನದ ಲೆಕ್ಕ. ಮೀಟರ್ ನೋಡಿ ಮೈಲೇಜ್ ಹಾಕಿದರೆ ಗಾಡಿ ನಿಜಕ್ಕಿಂತ ಕಡಿಮೆ ಕೊಡುವ ಹಾಗೆ ಕಾಣುತ್ತದೆ. ಜಿಪಿಎಸ್ ಇಟ್ಟು ಒಮ್ಮೆ ಹೋಲಿಸಿಕೊಳ್ಳಿ.

ಕೆಲವರು ಇನ್ನೂ ಮುಂದೆ ಹೋಗಿ 315/75R16 ಹಾಕುತ್ತಾರೆ. ಅದು 879 ಮಿಲಿಮೀಟರ್, ಮೂಲಕ್ಕಿಂತ 11 ಶೇಕಡಾ ಜಾಸ್ತಿ. 4.10 ಅನುಪಾತದ ಡಿಫರೆನ್ಷಿಯಲ್ ಇದ್ದರೆ ಅದು 3.7 ಆದ ಹಾಗೆ ವರ್ತಿಸುತ್ತದೆ. ಟರ್ಬೊ ಇಲ್ಲದ 1HZಗೆ ಅದು ಭಾರ. ಏರಿನಲ್ಲಿ ಗೇರ್ ಇಳಿಸಿ ಇಳಿಸಿ ಸಾಕಾಗುತ್ತದೆ. ಅಂಥ ಟೈರ್ ಹಾಕಿದವರು ಗೇರ್ ಅನುಪಾತ 4.56ಕ್ಕೆ ಬದಲಿಸಿದ್ದಾರಾ ಕೇಳಬೇಕು. ನಿಮ್ಮ 285 ಟೈರ್‌ಗೆ ಅದರ ಚಿಂತೆ ಬೇಡ.

ನಿಧಾನಪಯಣ

ನಾನು ಮೆಕ್ಯಾನಿಕ್ ಅಲ್ಲ, ಇಂಥ ಗಾಡಿಯಲ್ಲಿ ಬಹಳ ದೂರ ಓಡಾಡಿದವನು. ನೋಡಲು ಹೋದಾಗ ಮಾಡಬೇಕಾದ್ದನ್ನು ನಾನು ಮಾಡುವ ರೀತಿಯಲ್ಲಿ ಹೇಳುತ್ತೇನೆ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಟೈರ್ ಗಾಳಿ ಈ ಅಳತೆಯನ್ನು ಬದಲಿಸುವುದಿಲ್ಲ, ಅದಕ್ಕೇ ನೆಲದಿಂದ ಅಳೆಯಬಾರದು. ಎಡಬಲಕ್ಕೆ ಕೆಲವು ಮಿಲಿಮೀಟರ್ ವ್ಯತ್ಯಾಸ ಇರಲಿ, ತೊಂದರೆಯಿಲ್ಲ. ಒಂದು ಮೂಲೆ ಎದ್ದು ಕಾಣುವಷ್ಟು ಕುಸಿದಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬೇರೇನೋ ಬಾಗಿದೆ.

ಆಮೇಲೆ ಹಿಂದೆ ದೂರ ನಿಂತು ನೋಡಿ. ಹಿಂದಿನ ಚಕ್ರಗಳು ಬಾಡಿಯಿಂದ ಎರಡೂ ಬದಿಗೆ ಒಂದೇ ಸಮ ಹೊರಗಿವೆಯಾ? ಆಕ್ಸಲ್ ಅನ್ನು ಅಡ್ಡಕ್ಕೆ ಹಿಡಿದಿಡುವುದು ಪ್ಯಾನ್‌ಹಾರ್ಡ್ ರಾಡ್. ಗಾಡಿ ಎತ್ತಿದಾಗ ಅದರ ಕೋನ ಬದಲಾಗಿ ಆಕ್ಸಲ್ ಒಂದು ಬದಿಗೆ ಎಳೆಯಲ್ಪಡುತ್ತದೆ. ತಿಳಿದು ಮಾಡಿದವರು ಉದ್ದ ಹೊಂದಿಸಬಹುದಾದ ರಾಡ್ ಹಾಕಿರುತ್ತಾರೆ. ಈ ಒಂದು ರಾಡ್ ನೋಡಿದರೆ ಕೆಲಸ ಮಾಡಿಸಿದವರ ಮನಸ್ಸು ಗೊತ್ತಾಗುತ್ತದೆ.

ಕೆಳಗೆ ಮಲಗಿ ನೋಡುವಾಗ ಹೊಸ ಬಣ್ಣ ಎಲ್ಲಿದೆ ಗಮನಿಸಿ. ಚಾಸಿ ಪೂರ್ತಿ ಹಳೆಯದಾಗಿ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ ಅಥವಾ ಶಾಕ್‌ನ ಮೇಲಿನ ಬ್ರಾಕೆಟ್ ಮಾತ್ರ ಕಪ್ಪಾಗಿ ಹೊಳೆಯುತ್ತಿದ್ದರೆ ಅಲ್ಲಿ ವೆಲ್ಡಿಂಗ್ ಆಗಿದೆ. ವೆಲ್ಡಿಂಗ್ ತಪ್ಪಲ್ಲ. ಯಾಕೆ ಆಯಿತು ಅಂತ ಹೇಳದಿರುವುದು ತಪ್ಪು. ಶಾಕ್ ಮೇಲೆ ಎಣ್ಣೆ ಒಸರಿದೆಯಾ ನೋಡಿ. ಬಂಪ್ ಸ್ಟಾಪ್‌ನ ರಬ್ಬರ್ ಒಡೆದಿದ್ದರೆ, ಅದು ಕೂರುವ ಜಾಗ ಬೋಳಾಗಿ ಮಿನುಗುತ್ತಿದ್ದರೆ ಗಾಡಿ ಪದೇ ಪದೇ ತಳ ಹೊಡೆದಿದೆ. ಬ್ರೇಕ್‌ನ ರಬ್ಬರ್ ಪೈಪ್‌ಗಳನ್ನು ಮರೆಯಬೇಡಿ. ಗಾಡಿ ಎತ್ತಿದ ಮೇಲೆ ಅವೂ ಉದ್ದವಾಗಬೇಕು. ಜ್ಯಾಕ್ ಕೊಟ್ಟು ಚಾಸಿ ಎತ್ತಿ ಚಕ್ರ ಪೂರ್ತಿ ಜೋತು ಬೀಳಲಿ, ಆಗ ಪೈಪ್ ಬಿಗಿದು ನಿಂತಿದ್ದರೆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಅಂತ ಅರ್ಥ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಹೋಗಬೇಡಿ, ಸ್ಟ್ಯಾಂಡ್ ಇಟ್ಟೇ ಹೋಗಿ.

ಮುಂದಿನ ಚಕ್ರದ ಒಳಬದಿ, ಆಕ್ಸಲ್ ತುದಿಯ ದುಂಡು ಭಾಗ ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಡಿಫರೆನ್ಷಿಯಲ್ ಆಯಿಲ್ ಒಳಗಿನ ಗ್ರೀಸ್ ಜೊತೆ ಬೆರೆತು ಹೊರಬರುತ್ತಿರುತ್ತದೆ. ಇದು ಈ ಗಾಡಿಗಳಲ್ಲಿ ಸಾಮಾನ್ಯ, ರಿಪೇರಿ ಆಗುತ್ತದೆ, ಆದರೆ ದೊಡ್ಡ ಕೆಲಸ. ಪ್ರಯಾಣದ ನಡುವೆ ಮಾಡಿಸುವಂಥದ್ದಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿದಾಗ ಟಕ್ ಟಕ್ ಅಂದರೆ ಒಳಗಿನ ಕೀಲು ಸವೆದಿದೆ. ಡಿಫರೆನ್ಷಿಯಲ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ.

ಸ್ಪ್ಯಾನರ್‌ಕೈ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಇದನ್ನು ನೋಡುವವರು ಕಡಿಮೆ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ, ಅದರ ತುದಿಯಲ್ಲಿ ಬ್ರೇಕ್ ಒತ್ತಡದ ವಾಲ್ವ್. ಗಾಡಿಯಲ್ಲಿ ಭಾರ ಇದ್ದು ಹಿಂಭಾಗ ಇಳಿದಾಗ ಹಿಂದಿನ ಬ್ರೇಕ್‌ಗೆ ಒತ್ತಡ ಜಾಸ್ತಿ ಕೊಡುತ್ತದೆ, ಖಾಲಿ ಇದ್ದಾಗ ಕಡಿಮೆ. ಲಿಫ್ಟ್ ಮಾಡಿ ಈ ಕಡ್ಡಿಯನ್ನು ಹಾಗೇ ಬಿಟ್ಟರೆ ವಾಲ್ವ್‌ಗೆ ಗಾಡಿ ಸದಾ ಖಾಲಿ ಅನಿಸುತ್ತದೆ. 500 ಕಿಲೋ ಹೊತ್ತು ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ಹಿಂದಿನ ಬ್ರೇಕ್ ಪೂರ್ತಿ ಕೆಲಸ ಮಾಡುವುದಿಲ್ಲ, ಮುಂದಿನದು ಕಾಯುತ್ತದೆ. ಕಡ್ಡಿಯ ಬುಡಕ್ಕೆ ಒಂದು ಬ್ರಾಕೆಟ್ ಕೊಟ್ಟು ಎತ್ತರಿಸಿ, ಮತ್ತೆ ಹೊಂದಿಸಿದರೆ ಮುಗಿಯಿತು. ಸಣ್ಣ ಕೆಲಸ, ಆದರೆ ಜೀವಕ್ಕೆ ಸಂಬಂಧಪಟ್ಟದ್ದು.

ಇನ್ನು ಓಡಿಸಿ ನೋಡುವಾಗ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ನಡುಕ ತಡೆಯುವ ಸಣ್ಣ ಶಾಕ್) ಬಗ್ಗೆ ಎಚ್ಚರ. ಗಟ್ಟಿ ಆಕ್ಸಲ್‌ನ ಗಾಡಿಗಳು ವೇಗದಲ್ಲಿ ಗುಂಡಿ ಹಾರಿಸಿದಾಗ ಮುಂದಿನ ಚಕ್ರಗಳು ಒಮ್ಮೆಲೇ ಜೋರಾಗಿ ನಡುಗುವುದುಂಟು. ಕಾರಣ ಸಾಮಾನ್ಯವಾಗಿ ಸಡಿಲವಾದ ಪ್ಯಾನ್‌ಹಾರ್ಡ್ ಬುಷ್, ಸವೆದ ಟೈ ರಾಡ್ ತುದಿ, ಚಕ್ರದ ಬೇರಿಂಗ್, ಬ್ಯಾಲೆನ್ಸ್ ತಪ್ಪಿದ ಟೈರ್. ದಪ್ಪನೆಯ ಹೊಸ ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ, ಕಾರಣ ಅಡಗುವುದಿಲ್ಲ. ಹಳೆಯ ಭಾಗಗಳ ನಡುವೆ ಡ್ಯಾಂಪರ್ ಒಂದೇ ಹೊಚ್ಚ ಹೊಸದಾಗಿದ್ದರೆ ಪ್ರಶ್ನೆ ಕೇಳಿ.

ಗಡಿದಾಟು

ಕಾಗದದ ಮಾತು ಯಾರೂ ಎತ್ತಲಿಲ್ಲ. ಎಷ್ಟು ಲಿಫ್ಟ್‌ಗೆ, ಎಷ್ಟು ದೊಡ್ಡ ಟೈರ್‌ಗೆ ಅನುಮತಿ ಎನ್ನುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಗಾಡಿ ನೋಂದಣಿ ಆದ ಕಡೆಯ ನಿಯಮದ ಪ್ರಕಾರ ಈ ಬದಲಾವಣೆ ದಾಖಲಾಗಿದೆಯಾ ನೋಡಿ. ವಿಮೆಯವರಿಗೂ ಬರೆದು ತಿಳಿಸಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಹೇಳದೆ ಬಿಟ್ಟ ಲಿಫ್ಟ್ ಅಪಘಾತವಾದ ದಿನ ಪರಿಹಾರ ನಿರಾಕರಿಸಲು ಕಾರಣವಾಗಬಹುದು.

ಗಡಿ ದಾಟುವ ಯೋಚನೆ ಇದ್ದರೆ ಕೆಲವು ದೇಶಗಳು ಕಾರ್ನೆ ದ ಪಸಾಜ್ (ಗಾಡಿಯನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಳತರುವ ದಾಖಲೆ) ಕೇಳುತ್ತವೆ. ಅದರಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್ ಬರೆದಿರುತ್ತಾರೆ, ಗಡಿಯಲ್ಲಿ ಹೋಲಿಸಿ ನೋಡುತ್ತಾರೆ. ಹಳೆಯ ಗಾಡಿಯಲ್ಲಿ ಇಂಜಿನ್ ಬದಲಾಗಿದ್ದು ಕಾಗದದಲ್ಲಿ ಹಳೆಯ ನಂಬರೇ ಉಳಿದಿರುವುದು ಅಪರೂಪವಲ್ಲ. ಕೊಳ್ಳುವ ಮೊದಲೇ ಎರಡೂ ನಂಬರ್ ಕಣ್ಣಾರೆ ಓದಿ.

ಉದ್ದದಾರಿ

ಗಾಡಿ ನೋಡಿ ಬಂದೆ. ಹಿಂದಿನ ಸ್ಪ್ರಿಂಗ್ ಮೇಲೆ ನಂಬರ್ ಸಿಕ್ಕಿತು. ತಯಾರಕರ ಪಟ್ಟಿಯ ಪ್ರಕಾರ ಸದಾ ಭಾರ ಹೊರುವ ಗಾಡಿಗೆ ಮಾಡಿದ್ದು. ಮುಂದಿನದರ ಮೇಲೆ ಏನೂ ಇಲ್ಲ, ಸ್ಪ್ರಿಂಗ್ ಮೇಲ್ಗಡೆ ಒಂದು ದಪ್ಪ ಬಿಲ್ಲೆ ಇಟ್ಟು ಎತ್ತರಿಸಿದ್ದಾರೆ. ಪ್ಯಾನ್‌ಹಾರ್ಡ್ ರಾಡ್ ಮೂಲದ್ದೇ, ಹಿಂದಿನ ಆಕ್ಸಲ್ ಒಂದು ಬದಿಗೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಕ್ಯಾಸ್ಟರ್ ಬುಷ್ ಇಲ್ಲ. ಬ್ರೇಕ್ ಪೈಪ್ ಮುಂದೆ ಬದಲಾಗಿದೆ, ಹಿಂದೆ ಇಲ್ಲ. ಬ್ರೇಕ್ ವಾಲ್ವ್‌ನ ಕಡ್ಡಿಗೆ ಯಾರೂ ಕೈ ಹಾಕಿಲ್ಲ.

ಆದರೆ ಚಾಸಿ ತುಂಬಾ ಶುದ್ಧವಾಗಿದೆ. ತುಕ್ಕು ಇಲ್ಲ, ಬಿರುಕು ಇಲ್ಲ, ವೆಲ್ಡಿಂಗ್ ಇಲ್ಲ. ಇಂಜಿನ್ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಲೋ ಗೇರ್, ಸೆಂಟರ್ ಲಾಕ್ ಎಲ್ಲ ಸಲೀಸಾಗಿ ಬೀಳುತ್ತವೆ. ಎರಡು ನಂಬರ್‌ಗಳೂ ಕಾಗದಕ್ಕೆ ಹೊಂದುತ್ತವೆ. ಬಿಡಬೇಕಾ, ತೆಗೆದುಕೊಳ್ಳಬೇಕಾ?

ಮಣ್ಣಿನಚಕ್ರ

ಇಷ್ಟು ವಿವರ ನೋಡಿದ ಮೇಲೆ ನನ್ನ ಮಾತು ಬದಲಿಸುತ್ತೇನೆ. ತುಕ್ಕಿಲ್ಲದ ಚಾಸಿ ಸಿಗುವುದು ಕಷ್ಟ. ಸಸ್ಪೆನ್ಷನ್ ಬೋಲ್ಟ್ ಬಿಚ್ಚಿ ಬದಲಿಸಬಹುದು, ಚಾಸಿಯನ್ನಲ್ಲ. ತೆಗೆದುಕೊಳ್ಳಿ, ಆದರೆ ಲಿಫ್ಟ್‌ಗೆ ಅಂತ ಒಂದು ಬಿಡಿಗಾಸೂ ಜಾಸ್ತಿ ಕೊಡಬೇಡಿ. ಸರಿಪಡಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ನಿಧಾನಪಯಣ

ಒಪ್ಪಿದೆ. ಸರಿಪಡಿಸುವಾಗ ಒಂದು ನೆನಪಿಡಿ. ಒಬ್ಬರೇ ಕಮ್ಮಾರರು ಕೈಯಾರೆ ಮಾಡಿದ ತೋಳು, ಅಳತೆ ಸಿಗದ ಬುಷ್ ಬೇಡ. ದೂರದಲ್ಲಿ ಅದು ಮುರಿದರೆ ಬದಲಿ ಎಲ್ಲೂ ಸಿಗುವುದಿಲ್ಲ. ಪಾರ್ಟ್ ನಂಬರ್ ಇರುವ, ಪಾರ್ಸೆಲ್‌ನಲ್ಲಿ ತರಿಸಬಹುದಾದ ಭಾಗಗಳನ್ನೇ ಹಾಕಿಸಿ. ತೆಗೆದ ಹಳೆಯ ಪ್ಯಾನ್‌ಹಾರ್ಡ್ ರಾಡ್ ಎಸೆಯಬೇಡಿ.

ಶಾಕ್ಸ್ ಆರಿಸುವಾಗ ಜಲ್ಲಿ ದಾರಿಯ ಅಲೆ ಅಲೆ ತೋಡುಗಳನ್ನು ಯೋಚಿಸಿ. ಗಂಟೆಗಟ್ಟಲೆ ಅದರ ಮೇಲೆ ಓಡಿದರೆ ಶಾಕ್ ಒಳಗಿನ ಎಣ್ಣೆ ಕಾದು ನೊರೆಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಒಂದೇ ಕೊಳವೆಯ ಮೊನೊಟ್ಯೂಬ್ ಶಾಕ್ ಬಿಸಿಯನ್ನು ಬೇಗ ಬಿಡುತ್ತದೆ, ಆದರೆ ಕಲ್ಲು ಬಡಿದು ಹೊರಮೈ ನಜ್ಜಾದರೆ ಪಿಸ್ಟನ್ ಸಿಕ್ಕಿಕೊಂಡು ಕೆಡುತ್ತದೆ. ಕೊಳವೆಯೊಳಗೆ ಕೊಳವೆ ಇರುವ ಟ್ವಿನ್‌ಟ್ಯೂಬ್ ನಜ್ಜಿಗೆ ತಡೆಯುತ್ತದೆ, ಬೇಗ ಕಾಯುತ್ತದೆ. ನಾನು ದಪ್ಪ ಮೈಯ ಟ್ವಿನ್‌ಟ್ಯೂಬ್ ಇಷ್ಟಪಡುತ್ತೇನೆ. ಜೊತೆಗೆ ಟೈರ್ ಗಾಳಿ ಇಳಿಸಿ ನಿಧಾನ ಹೋಗುತ್ತೇನೆ, ಆಗಾಗ ನಿಂತು ನಾಲ್ಕೂ ಶಾಕ್ ಹತ್ತಿರ ಕೈ ಹಿಡಿದು ಬಿಸಿ ನೋಡುತ್ತೇನೆ. ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ತಣ್ಣಗಿರುವುದೇ ಕೆಟ್ಟಿದೆ.

ಉದ್ದದಾರಿ

ಹಾಗಾದರೆ ಕೆಲಸದ ಕ್ರಮ ಹೇಗಿರಲಿ? ಮೊದಲು ಸ್ಪ್ರಿಂಗಾ, ಕ್ಯಾಸ್ಟರಾ?

ಸ್ಪ್ಯಾನರ್‌ಕೈ

ಮೊದಲು ತೂಕ. ಡ್ರಾಯರ್, ಟ್ಯಾಂಕ್, ಟೆಂಟ್ ಎಲ್ಲ ಕೂರಿಸಿ. ಇನ್ನೂ ಕೊಳ್ಳದ ಸಾಮಾನಿಗೆ ಬದಲಾಗಿ ಮರಳಿನ ಚೀಲ ಇಡಿ. ಆ ಭಾರದಲ್ಲಿ ಹಿಂದಿನ ಎತ್ತರ ಅಳೆಯಿರಿ. ಹಿಂದಿನ ಸ್ಪ್ರಿಂಗ್ ಬಹುಶಃ ನಿಮಗೆ ಸರಿಹೊಂದುತ್ತದೆ, ಅದನ್ನು ಉಳಿಸಿಕೊಳ್ಳಿ. ಮುಂದಿನ ಸ್ಪ್ರಿಂಗ್, ಬಿಲ್ಲೆ ಎರಡನ್ನೂ ತೆಗೆದು, ನಿಮ್ಮ ಬಂಪರ್ ತೂಕಕ್ಕೆ ತಕ್ಕ 2 ಇಂಚಿನ ಸ್ಪ್ರಿಂಗ್ ಹಾಕಿಸಿ. ನಾಲ್ಕೂ ಶಾಕ್ ಹೊಸದು. ಜೊತೆಗೆ ಎರಡೂ ಪ್ಯಾನ್‌ಹಾರ್ಡ್ ರಾಡ್, ಹಿಂದಿನ ಬ್ರೇಕ್ ಪೈಪ್, ವಾಲ್ವ್ ಬ್ರಾಕೆಟ್, ಕ್ಯಾಸ್ಟರ್ ಬುಷ್. ಹೆಡ್‌ಲೈಟ್ ಬೆಳಕು ತಗ್ಗಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಅಲೈನ್‌ಮೆಂಟ್‌ಗೆ ಭಾರ ಹೊತ್ತ ಗಾಡಿಯನ್ನೇ ಕೊಂಡೊಯ್ಯಿರಿ. ಹಿಂಭಾಗ ಇಳಿದರೆ ಕ್ಯಾಸ್ಟರ್ ಬದಲಾಗುತ್ತದೆ, ಖಾಲಿ ಗಾಡಿಯ ಅಂಕಿ ನಿಮಗೆ ಉಪಯೋಗವಿಲ್ಲ. ಛಾಪಿಸಿದ ಚೀಟಿ ಕೇಳಿ, ಅದರಲ್ಲಿ ಕ್ಯಾಸ್ಟರ್ ಅಂಕಿ ಇರಲೇಬೇಕು. ಬರೀ ಟೋ (ಚಕ್ರಗಳು ಒಳಗೋ ಹೊರಗೋ ಮುಖ ಮಾಡಿರುವ ಕೋನ) ಸರಿ ಮಾಡಿ ಕಳಿಸಿದರೆ ಒಪ್ಪಬೇಡಿ.

ಇನ್ನೊಂದು ಮಾತ್ರ ಪಕ್ಕದಲ್ಲೇ ನಿಂತು ನೋಡಿ. ಬುಷ್‌ಗಳ ಬೋಲ್ಟ್‌ಗಳನ್ನು ಗಾಡಿ ಗ್ಯಾರೇಜಿನ ಲಿಫ್ಟ್ ಮೇಲೆ ನೇತಾಡುವಾಗ ಕೊನೆಯ ಬಿಗಿ ಮಾಡಬಾರದು. ರಬ್ಬರ್ ಬುಷ್ ತಿರುಚಿಕೊಂಡ ಸ್ಥಿತಿಯಲ್ಲೇ ಸಿಕ್ಕಿಬಿದ್ದು, ಗಾಡಿ ಕೆಳಗಿಳಿದ ಕ್ಷಣದಿಂದ ಹರಿಯಲು ಶುರುವಾಗುತ್ತದೆ. ಸುಮ್ನೆ ಕೈಬಿಗಿ ಮಾಡಿ ಇಳಿಸಿ, ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಭಾರ ಹಾಕಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯಬೇಕು. ಬಿಗಿ ಮಾಡಿದ ಪ್ರತಿ ಬೋಲ್ಟ್‌ಗೆ ಬಣ್ಣದ ಗೆರೆ ಎಳೆಸಿ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಗೆರೆ ಸರಿದಿದೆಯಾ ಅಂತ ನೀವೇ ಒಂದು ಸುತ್ತು ನೋಡಿ, ಮತ್ತೆ ಬಿಗಿ ಮಾಡಿ.